ಆಡುಗಳು ತಿನ್ನದ ಗಿಡ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಪಾಚಿ ಮೇಡಂ ಎಂದೇ ಕರೆಯುತ್ತಿದ್ದರು. ಬಚ್ಚಲ ಗೋಡೆಯ ಹಸಿರನ್ನೂ ಬಿಡದೆ ಕೆರೆದು ಸೂಕ್ಷ್ಮದರ್ಶಕದ ಕೆಳಗಿಡುವವಳಿಗೆ ಬೇರೆ ಯಾವ ಹೆಸರು ಬಂದೀತು? ಆ ಹುಚ್ಚು ಹಿಡಿಸಿದ್ದು ಅವಳ ದೊಡ್ಡಮ್ಮ, ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಚಾಪೆಯಗಲ ಹಬ್ಬಿದ್ದ ಗದೆಪಾಚಿಯನ್ನು ಮೊದಲು ಕಂಡವರೂ ಅವರೇ.

ಹೆಸರಿಗಷ್ಟೇ ಅದು ಪಾಚಿ. ಪಾಚಿಗಿಲ್ಲದ ಬೇರು, ನೀರು ಸಾಗಿಸುವ ನಾಳ ಎರಡೂ ಅದಕ್ಕಿವೆ. ಕಾಂಡ ನೆಲದ ಮೇಲೆ ಹರಿದಾಡುತ್ತದೆ. ಮೇಲೆದ್ದ ಕವಲುಗಳ ತುದಿಯಲ್ಲಿ ಪುಟ್ಟ ಗದೆ. ತಟ್ಟಿದರೆ ಹಳದಿ ಪುಡಿ ಉದುರುತ್ತದೆ. ಆ ಪುಡಿಯ ಒಂದು ಕಣ ಮಣ್ಣಿನಡಿ ಸೇರಿ, ಶಿಲೀಂಧ್ರದ ಕೈತುತ್ತು ತಿಂದು, ಗಿಡವಾಗಿ ತಲೆಯೆತ್ತಲು ಹತ್ತು ಹದಿನೈದು ವರ್ಷವೇ ಹಿಡಿದೀತು.

“ಬೇಕಾದ್ರೆ ಒಂದು ಕವಲು ಕತ್ತರಿಸ್ಕೋ. ಬೇರಿಗೆ ಮಾತ್ರ ಕೈ ಹಾಕ್ಬೇಡ,” ಎಂದಿದ್ದರು ದೊಡ್ಡಮ್ಮ.

ಸಂಶೋಧನೆಯ ಗಡುವು ಕುತ್ತಿಗೆಗೆ ಬಂದ ವರ್ಷ ಅವಳು ಬೇರಿಗೇ ಕೈ ಹಾಕಿದಳು. ಒಂದು ತಟ್ಟೆಯಷ್ಟು ಅಗೆದು ಕಾಲೇಜಿನ ಗಾಜಿನ ಮನೆಯಲ್ಲಿ ನೆಟ್ಟಳು. ಮೂರು ವಾರಕ್ಕೆ ಕಂದಿತು. ಮಣ್ಣು ಸಾಲಲಿಲ್ಲವೇನೋ ಎಂದು ಇನ್ನಷ್ಟು ಆಳಕ್ಕೆ ಅಗೆದು ಮತ್ತೊಂದು ತಂದಳು. ಅದೂ ಕಂದಿತು. ಗುಡ್ಡದ ಶಿಲೀಂಧ್ರ ಕುಂಡಕ್ಕೆ ಬರಲು ಒಪ್ಪಲಿಲ್ಲವೆಂದು ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಿಯೂ ಇತ್ತೇನೋ. ಈ ಸಲ ಬದುಕಿಸಿಬಿಟ್ಟರೆ ಹಿಂದಿನದೆಲ್ಲ ಸರಿಹೋಗುತ್ತದೆ ಎನ್ನುವ ಜೂಜುಕೋರನ ಲೆಕ್ಕದಲ್ಲಿ ಉಳಿದದ್ದನ್ನೂ ಕಿತ್ತು ತಂದಳು. ಕೊನೆಗೆ ಒಣಗಿದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ ಕೈ ತೊಳೆದುಕೊಂಡಳು.

ಮುಂದಿನ ತಿಂಗಳು ದೊಡ್ಡಮ್ಮ ಗುಡ್ಡ ಹತ್ತಿದರೆ ಬರೀ ಮಣ್ಣು. ಸುತ್ತ ಆಡಿನ ಹಿಕ್ಕೆ ಬಿದ್ದಿತ್ತು. ಪಕ್ಕದಲ್ಲಿ ನಿಂತಿದ್ದ ಇವಳ ಬಾಯಿಂದ, ಯೋಚನೆಗೂ ಮೊದಲೇ, “ಆಡು ಮೇಯ್ದಿರ್ಬೇಕು” ಎಂಬ ಮಾತು ಜಾರಿತು. ನಾಲಿಗೆಗೆ ಎಲುಬಿಲ್ಲ ನೋಡಿ. ದೊಡ್ಡಮ್ಮ ಅಂದೇ ಅರಣ್ಯ ಕಚೇರಿಗೆ ದೂರು ಬರೆದರು. ಇಳಿಜಾರಿಗೆ ತಂತಿಬೇಲಿ ಬಿತ್ತು. ಅಲ್ಲಿ ಮೇಯಿಸುತ್ತಿದ್ದವನು, ನನ್ನ ಆಡು ಅದನ್ನು ಮೂಸಿಯೂ ನೋಡುವುದಿಲ್ಲ ಎಂದು ಕಂಡವರಿಗೆಲ್ಲ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಯಿಸಲು ಬೇರೆ ಜಾಗವಿಲ್ಲದೆ ಇದ್ದ ಇಪ್ಪತ್ತೆರಡು ಆಡನ್ನೂ ಮಾರಿ ಕಲ್ಲು ಒಡೆಯುವ ಕೂಲಿಗೆ ಸೇರಿದ. ಇವಳು ಬೇರೊಂದು ಪಾಚಿಯ ಮೇಲೆ ಪ್ರಬಂಧ ಬರೆದು ಪದವಿ ಪಡೆದಳು.

ಆರು ವರ್ಷ ಆ ಸುಳ್ಳು ಗಂಟಲಲ್ಲಿ ಸಿಕ್ಕ ಮುಳ್ಳಿನಂತಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಹೀಗಿರುವಾಗ ದೊಡ್ಡಮ್ಮ ಶಾಲೆ ಮಕ್ಕಳಿಗೆಂದು ಪುಸ್ತಕವೊಂದನ್ನು ಬರೆದು, ತಪ್ಪು ತಿದ್ದಿಕೊಡು ಎಂದು ಹಾಳೆಗಳನ್ನು ಅವಳ ಕೈಗಿತ್ತರು. ಗದೆಪಾಚಿಯ ಪಾಠದ ಕೊನೆಗೆ, ಒಬ್ಬ ಬೇಜವಾಬ್ದಾರಿ ಮನುಷ್ಯನ ಆಡುಗಳು ಅದನ್ನು ನಿರ್ನಾಮ ಮಾಡಿದವು ಎಂದಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅವಳು ಹಾಳೆ ಹಿಡಿದುಕೊಂಡೇ ದೊಡ್ಡಮ್ಮನ ಮನೆಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ದೊಡ್ಡಮ್ಮ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಗಿಡದ ಮಾತು ಆಮೇಲೆ,” ಎಂದರು. “ಆ ಮನುಷ್ಯನ ಅನ್ನಕ್ಕೆ ನನ್ನ ಕೈಯಿಂದ ಕಲ್ಲು ಹಾಕಿಸಿದೆಯಲ್ಲೇ. ಮೊದಲು ಅಲ್ಲಿಗೆ ಹೋಗು.”

ಅವನ ಮನೆ ಕಲ್ಲುಗಣಿಯ ಹಿಂದಿತ್ತು. ಬಾಗಿಲ ಬಳಿ ಕೂತು ಬೆರಳಿನ ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಅವಳು ಹೇಳುವಷ್ಟೂ ಹೊತ್ತು ಸುತ್ತುತ್ತಲೇ ಇದ್ದ. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಲು ತಯಾರಾಗಿ ಬಂದಿದ್ದಳು. ಅವನು ಬೈಯಲಿಲ್ಲ.

“ನನಗೆ ಹೇಳಿ ಏನ್ಮಾಡ್ತೀರಿ? ನನ್ನ ಆಡು ತಿಂದಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಒಳಗಿದಾಳೆ, ಅವಳಿಗೆ ಹೇಳಿ.”

ಹೆಂಡತಿ ಹೊರಗೆ ಬಂದಳು. ಪಾಚಿ ಮೇಡಂ ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ಗಡುವು, ಪದವಿ ಯಾವ ನೆಪವೂ ಬಾಯಿಗೆ ಬರಲಿಲ್ಲ. ನಾನು ಕಿತ್ತೆ, ಸುಳ್ಳು ಹೇಳಿದೆ ಎಂದಷ್ಟೇ ಅಂದಳು. ಹೆಂಗಸು ಅವಳತ್ತ ನೋಡಲೇ ಇಲ್ಲ. ಗಂಡನನ್ನು ನೋಡಿದಳು.

“ನೀವು ಮರದಡಿ ನಿದ್ದೆ ಮಾಡಿದ್ದಕ್ಕೇ ಹೀಗಾಯ್ತು ಅಂತ ಇಷ್ಟು ವರ್ಷ ಅಂದ್ನಲ್ಲ,” ಎಂದಳು ಮೆಲ್ಲಗೆ. “ಊಟಕ್ಕೆ ಕೂತಾಗೆಲ್ಲ ಅಂದೆ.”

ಅವನು ಬಟ್ಟೆಯ ತುದಿಗೆ ಗಂಟು ಹಾಕಿದ. ಪಾಚಿ ಮೇಡಂ ಕಡೆ ತಿರುಗಿ, “ನೀವಿನ್ನು ಹೊರಡಿ,” ಎಂದ.

ಪಾಚಿ ಮೇಡಂ ನಡೆದದ್ದನ್ನೆಲ್ಲ ಅರಣ್ಯ ಕಚೇರಿಗೆ ತನ್ನ ಹೆಸರಿನಲ್ಲೇ ಬರೆದುಕೊಟ್ಟಳು, ಕಾಲೇಜಿಗೂ ಒಂದು ಪ್ರತಿ ಕಳಿಸಿದಳು. ಛೀಮಾರಿಯೇನೋ ಬಂತು, ಕೆಲಸ ಹೋಗಲಿಲ್ಲ. ಹೋಗದೆ ಉಳಿದದ್ದೇ ಅವಳಿಗೆ ಹೆಚ್ಚು ಚುಚ್ಚಿತು. ನಾಲ್ಕು ತಿಂಗಳಿಗೆ ಬೇಲಿ ತೆಗೆದರು. ಮೊಣಕಾಲು ಸೋತಿದ್ದ ಗಂಡ ಮತ್ತೆ ಗುಡ್ಡ ಹತ್ತಲಿಲ್ಲ. ಹೆಂಡತಿಯೇ ಎರಡು ಮರಿ ತಂದು ಮೇಯಿಸತೊಡಗಿದಳು. ಪಾಚಿ ಮೇಡಂ ಒಂದು ಸಂಜೆ ಗುಡ್ಡದ ಬುಡದವರೆಗೆ ಹೋದಳು. ಮೇಲೆ ಆ ಹೆಂಗಸಿನ ಸೀರೆಯ ಸೆರಗು ಕಂಡಿತು. ಅಷ್ಟು ದೂರದಿಂದ ಏನೆಂದು ಕೂಗುವುದು ತಿಳಿಯದೆ, ಬಂದ ದಾರಿಯಲ್ಲೇ ಹಿಂತಿರುಗಿದಳು.