ತಾಯಿಲ್ಲದ ಕರುವಿನ ಹಾಲು

ಅನುಮಾನಕ್ಕೆ ನೀರೆರೆದು ಬೆಳೆಸುವುದರಲ್ಲಿ ಆ ಮನೆಯ ದೊಡ್ಡ ಸೊಸೆಯದು ಎತ್ತಿದ ಕೈ. ಈ ಸಲ ಅವಳ ಕಣ್ಣು ಬಿದ್ದದ್ದು ವಾರಗಿತ್ತಿಯ ಮೇಲೆ.

ವಿಷಯ ಇಷ್ಟೇ. ಮನೆಯ ಕಂದು ಹಸು ಕರು ಹಾಕಿದ ದಿನವೇ ಸತ್ತುಹೋಯಿತು. ಆ ಹಸುವನ್ನು ಪುಟ್ಟ ಕರುವಾಗಿದ್ದಾಗಿನಿಂದ ಸಾಕಿದವಳು ದೊಡ್ಡ ಸೊಸೆ. ಅದರದೆಂದು ಈಗ ಉಳಿದದ್ದು ಈ ಹೆಣ್ಣುಗರು ಒಂದೇ. ಇನ್ನೊಂದು ಹಸುವಿನ ಹಾಲನ್ನು ಬೆಳಿಗ್ಗೆ ಒಂದು ಬಾಟಲಿ ತಾನು, ಸಂಜೆ ಒಂದು ಬಾಟಲಿ ಚಿಕ್ಕ ಸೊಸೆ ಕುಡಿಸುವುದೆಂದು ಮಾತಾಯಿತು. ಎಂಟನೇ ದಿನಕ್ಕೆ ಕರುವಿಗೆ ಭೇದಿ ಶುರುವಾಯಿತು.

ಹಾಲಿಗೆ ನೀರು ಬಿದ್ದಿದೆ, ಅದಕ್ಕೇ ನೀರು ನೀರಾಗಿ ಹೋಗುತ್ತಿದೆ ಎಂದು ದೊಡ್ಡ ಸೊಸೆ ತೀರ್ಮಾನಿಸಿದಳು. ಬೆರೆಸಿದವರು ಯಾರು? ತಾನಂತೂ ಅಲ್ಲ. ಚಿಕ್ಕ ಸೊಸೆ ಸಾಕಿದ ನಾಯಿಮರಿಯೋ ದಿನೇ ದಿನೇ ಗುಂಡಗಾಗುತ್ತಿತ್ತು. ಅದರ ಮೂತಿಗೆ ಹಾಲು ಮೆತ್ತಿದ್ದನ್ನು ಕಂಡು ಇವಳ ಹೊಟ್ಟೆ ಉರಿದುಹೋಯಿತು.

"ನಿನ್ನ ಮರಿ ಚೆನ್ನಾಗಿ ಮೈ ತುಂಬ್ಕೊಂಡಿದೆಯಲ್ಲೇ?"

"ಹೂಂ ಅಕ್ಕ. ನಾನು ಕಾಫಿ ಬಿಟ್ಟು ಆ ಹಾಲನ್ನ ಅದಕ್ಕೇ ಹಾಕ್ತಿದೀನಿ."

ಕಾಫಿ ಬಿಟ್ಟಳಂತೆ! ಯಾರ ಕಿವಿಗೆ ಹೂ ಇಡುತ್ತಾಳೆ?

ಬಾಯಿಬಿಟ್ಟು ಕೇಳಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಅವಳು ಕೇಳಲಿಲ್ಲ. ಚಿಕ್ಕ ಸೊಸೆ ಹೊಲಿಗೆ ಕಲಿಯಲು ಹೋದ ಹೊತ್ತು ನೋಡಿ, ಗಟ್ಟಿ ಹಾಲು ಬೆಚ್ಚಗೆ ಮಾಡಿ ಕರುವಿಗೆ ಇನ್ನೊಂದು ಬಾಟಲಿ ಕುಡಿಸತೊಡಗಿದಳು. ಕರು ಅರ್ಧಕ್ಕೇ ಮುಖ ತಿರುಗಿಸಿದರೂ ಬಿಡಲಿಲ್ಲ. ನೀರು ಹಾಲು ಕುಡಿದು ಕುಡಿದು ಗಟ್ಟಿ ಹಾಲಿನ ರುಚಿಯೇ ಮರೆತಿದೆ ಪಾಪ, ಎಂದುಕೊಂಡಳು.

ಭೇದಿ ಹೆಚ್ಚಾಯಿತು. ಒಂದು ಬೆಳಿಗ್ಗೆ ಕರು ಮೇಲೇಳಲೇ ಇಲ್ಲ. ಅವಳು ಡಾಕ್ಟರಿಗೆ ಹೇಳಿ ಕಳಿಸಿದಳು.

ದನದ ಡಾಕ್ಟರು ಬಂದು ಕರುವಿನ ಕತ್ತಿನ ಚರ್ಮ ಹಿಡಿದೆಳೆದು ನೋಡಿದರು. "ದಿನಕ್ಕೆ ಎಷ್ಟು ಬಾಟಲಿ?"

"ಎರಡು," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

"ಎರಡಾದ್ರೆ ಹೊಟ್ಟೆ ಹೀಗೆ ಉಬ್ಬಲ್ಲ. ನಿಜ ಹೇಳ್ರಮ್ಮ. ನೀವು ಸುಳ್ಳು ಹೇಳಿದ್ರೆ ಸಾಯೋದು ನಾನಲ್ಲ, ಇದು."

ದೊಡ್ಡ ಸೊಸೆ ಒಪ್ಪಿಕೊಂಡಳು. "ಮಧ್ಯಾಹ್ನ ನಾನೊಂದು ಕುಡಿಸ್ತಿದ್ದೆ. ಇವಳು ಸಂಜೆ ಹಾಲಿಗೆ ನೀರು ಹಾಕ್ತಾಳೆ ಅಂತ..."

ಚಿಕ್ಕ ಸೊಸೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ರಾತ್ರಿ ನೀವು ಮಲಗಿದ ಮೇಲೆ ನಾನೂ ಮೊದಲಿಂದ್ಲೂ ಒಂದು ಕುಡಿಸ್ತಿದ್ದೆ ಅಕ್ಕ. ಬೆಳಗಿನ ಹಾಲಿನ ಕೆನೆಯೆಲ್ಲ ನೀವು ಬೆಣ್ಣೆಗೆ ತೆಗೀತೀರಿ ಅನ್ಕೊಂಡು."

"ನಾಲ್ಕು ಬಾಟಲಿ!" ಡಾಕ್ಟರು ತಲೆ ಚಚ್ಚಿಕೊಂಡರು. "ಇನ್ಮೇಲೆ ಒಬ್ಬರೇ ಕುಡಿಸ್ಬೇಕು. ಹಾಲು ಸ್ವಲ್ಪ ಸ್ವಲ್ಪ, ನಡುವೆ ಉಪ್ಪು ಸಕ್ಕರೆ ನೀರು. ಇನ್ನೊಬ್ರು ಕೊಟ್ಟಿಗೆ ಕಡೆ ತಲೆ ಹಾಕ್ಬಾರ್ದು. ಯಾರು ಅಂತ ನೀವೇ ಹೇಳಿ."

ನಾನು ಎಂಬ ಮಾತು ದೊಡ್ಡ ಸೊಸೆಯ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಕರು ಸಣ್ಣಗೆ ಕೂಗಿತು. ಕೂಡಲೇ ಅವಳ ಕೈ ಬಾಟಲಿಯ ಕಡೆ ಹೋಯಿತು. ಆ ಕೈಯನ್ನು ತಾನೇ ನೋಡಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು.

ಬಾಟಲಿಯನ್ನು ವಾರಗಿತ್ತಿಯ ಕೈಗೆ ಕೊಟ್ಟಳು.

"ನೀನೇ ಕುಡಿಸು. ಅದು ಎಷ್ಟೇ ಕೂಗಿದ್ರೂ ನನ್ನನ್ನ ಒಳಗೆ ಬಿಡ್ಬೇಡ. ಚಿಲಕ ಹಾಕ್ಕೋ."

ಡಾಕ್ಟರ ಹಿಂದೆಯೇ ಕೊಟ್ಟಿಗೆಯಿಂದ ಹೊರಗೆ ಬಂದು ಬಾಗಿಲ ಪಕ್ಕದಲ್ಲೇ ನಿಂತಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳುವವರೆಗೂ ಅಲ್ಲಿಂದ ಕದಲಲಿಲ್ಲ.