ಇಳಿಸುವ ಕೈ

"ಕತ್ತು ನೆಟ್ಟಗಿಡೇ, ಕತ್ತೆ! ನಿಮ್ಮಮ್ಮ ಹಿಂಗೇ ಹೊರ್ತಾಳಾ?"

ಇಟ್ಟಿಗೆ ಹೊತ್ತು ಶಾಲೆಯ ಹೊಸ ಕಟ್ಟಡದ ಸಾರುವೆಯ ಹಲಗೆ ಏರುತ್ತಿದ್ದವಳ ಕಾಲು ಅಲ್ಲೇ ನಿಂತಿತು. ಕೆಳಗೆ ಶಾಲೆಯ ಮೈದಾನದಲ್ಲಿ ಆಟದ ಮೇಷ್ಟ್ರು ಹಾಗೆ ಗದರಿ ಮತ್ತೆ ಸೀಟಿ ಊದುತ್ತಿದ್ದರು. ತಲೆಯ ಮೇಲೆ ಇಟ್ಟಿಗೆ ಹೊತ್ತ ಮಕ್ಕಳ ಸಾಲಿಗೆ ಎಲ್ಲರೂ ಮಿಡತೆ ಎಂದು ಕರೆಯುವ ಅವಳ ಮಗಳೇ ಮುಂದು. ಇಟ್ಟಿಗೆಯ ಅಡಿಗೆ ಅಮ್ಮನ ಹಳೇ ಸೀರೆಯ ಸಿಂಬಿ.

ಆ ಸಿಂಬಿ ಸುತ್ತಿಕೊಟ್ಟವಳು ಅವಳೇ. ಹೋದ ವಾರ ಮೇಷ್ಟ್ರು ಮನೆ ಬಾಗಿಲಿಗೇ ಬಂದಿದ್ದರು. "ಆಟದ ಪೀರಿಯಡ್‌ನಲ್ಲಿ ಇನ್ಮೇಲೆ ನಮ್ಮ ನೆಲದ ಸಂಸ್ಕೃತಿ ಕಲಿಸ್ಬೇಕಂತೆ. ನಿಮ್ಮೋರು ಹೊರೆ ಹೊತ್ತು ನಡೆಯೋ ನಡಿಗೆ ಒಂಚೂರು ತೋರ್ಸಮ್ಮ." ಅವಳು ಉಬ್ಬಿಹೋಗಿದ್ದಳು. ಓಣಿಯ ಉದ್ದಕ್ಕೂ ನಡೆದು ತೋರಿಸಿದ್ದಳು. ಹೊರೆ ಹೊತ್ತವರು ಕೇಳಿದರೆ ಹಗೆಯಾದರೂ ಕೈಕೊಟ್ಟು ಇಳಿಸಬೇಕು, ನಮ್ಮಲ್ಲಿ ಅದೇ ಮೊದಲ ಪಾಠ ಎಂದೂ ಹೇಳಿದ್ದಳು. ಮೇಷ್ಟ್ರು ತಲೆಯಾಡಿಸಿದ್ದರು.

ಈಗ ನೋಡಿದರೆ ಸಾಲಿನಲ್ಲಿದ್ದವರೆಲ್ಲ ಕೂಲಿಯವರ ಮಕ್ಕಳೇ. ಮಿಕ್ಕವರು ಅತ್ತ ಸುಣ್ಣದ ಗೆರೆಗಳ ನಡುವೆ ಓಡುತ್ತಿದ್ದರು. ಅದೇ ಗೆರೆಗಳ ನಡುವೆ ಎಲ್ಲರನ್ನೂ ಹಿಂದೆ ಹಾಕಿದ್ದವಳು ಮಿಡತೆ. ದೊಡ್ಡ ಪಂದ್ಯಕ್ಕೆ ನೀನೇ ಎಂದು ಇದೇ ಮೇಷ್ಟ್ರು ಬೆನ್ನು ತಟ್ಟಿದ್ದರು. ಸಾಲು ಮೈದಾನ ದಾಟಿ, ಹೊಸ ಕಟ್ಟಡದ ಬುಡದಲ್ಲಿ ಇಟ್ಟಿಗೆ ಪೇರಿಸಿ, ಇನ್ನಷ್ಟು ತರಲು ಹಿಂದಿರುಗುತ್ತಿತ್ತು.

"ಪುಕ್ಸಟ್ಟೆ ಆಳುಗಳು ಸಿಕ್ವು ಕಣೇ!" ಕಟ್ಟಡದ ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ನಕ್ಕ.

ಅವಳು ಹೊರೆ ಹೊತ್ತೇ ಇಳಿದು ಬಂದಳು.

"ಸಾರ್, ಅವ್ಳು ಓಡೋಳು."

"ಓಟ ಯಾರ್ ಬೇಕಾದ್ರೂ ಓಡ್ತಾರಮ್ಮ. ಇದು ನಿಮ್ಮ ರಕ್ತದಲ್ಲೇ ಬಂದಿರೋದು."

"ಅಷ್ಟು ಒಳ್ಳೇದಾದ್ರೆ ಅವ್ರಿಗೂ ಹೊರ್ಸಿ." ಅವಳು ಗೆರೆಗಳ ಕಡೆ ಗದ್ದ ಚಾಚಿದಳು.

"ಅವ್ರ ಕತ್ತು ಉಳುಕಿದ್ರೆ ಅವರಪ್ಪಂದಿರು ನನ್ನ ಕತ್ತು ಹಿಸುಕ್ತಾರೆ!"

ಅವಳು ನಗಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದಳು.

"ಭಾರ ಆಗ್ತಿದೆ ಸಾರ್. ಒಂಚೂರು ಕೈಕೊಟ್ಟು ಇಳ್ಸಿ."

"ನಾನಾ?" ಮೇಷ್ಟ್ರು ತಮ್ಮ ಬಿಳಿ ಅಂಗಿ ನೋಡಿಕೊಂಡು ಹಿಂದೆ ಸರಿದರು.

ಅವಳು ತಲೆ ಬಾಗಿಸಿದಳು. ಇಟ್ಟಿಗೆಗಳು ಅವರ ಬೂಟಿನ ಮುಂದೆ ದಬದಬ ಬಿದ್ದು ಒಡೆದವು.

"ಇಟ್ಟಿಗೆ ಒಡೆದ್ಯಲ್ಲೇ ಮುಂಡೆ! ನಾಳೆಯಿಂದ ಈ ಕಡೆ ಕಾಲಿಟ್ರೆ ನೋಡು!" ಮೇಸ್ತ್ರಿ ಅರಚಿದ.

"ಅಮ್ಮಾ, ಇಳ್ಸು" ಎಂದಳು ಮಿಡತೆ.

ತಾಯಿ ಎರಡೂ ಕೈ ಚಾಚಿ ಇಳಿಸಿದಳು. ಸಾಲು ನಿಂತುಹೋಯಿತು. ಹಿಂದಿದ್ದ ಹುಡುಗಿ ಪಕ್ಕದವಳ ಕಡೆ ತಿರುಗಿ, "ನಂದೂ ಇಳ್ಸೇ" ಎಂದಳು.

ಮೇಷ್ಟ್ರು ದನಿ ತಗ್ಗಿಸಿದರು. "ನೋಡಮ್ಮ, ನಾಳೆ ಸಾಹೇಬ್ರು ಈ ನಡಿಗೆ ನೋಡೋಕೆ ಬರ್ತಿದಾರೆ, ಮಾನ ಕಳೀಬೇಡ. ಮೇಸ್ತ್ರಿಗೆ ನಾನು ಹೇಳ್ತೀನಿ. ನಿನಗೆ ಶಾಲು ಹೊದಿಸೋಣ. ಇವಳನ್ನೇ ಈ ಹೊರೆ ತಂಡಕ್ಕೆ ಕ್ಯಾಪ್ಟನ್ ಮಾಡ್ತೀನಿ. ಏನೇ ಮಿಡತೆ, ಆಗ್ತೀಯಾ?"

ಮಿಡತೆ ಸಿಂಬಿ ಬಿಚ್ಚಿದಳು. ಕೊಡವಿ ಸೊಂಟಕ್ಕೆ ಬಿಗಿದುಕೊಂಡಳು.

"ಆಗಲ್ಲ."