ಬುಗುರಿಗೆ ಕಲಿಸಿದ ಪಾಠ

“ಆಟಿಕೆ ತೊಳೆಯೋನ ಮಾತು ಕೇಳ್ಕೊಂಡು ನನ್ನ ಮಗನ ಒಂದು ವರ್ಷ ನೀರಲ್ಲಿ ಹೋಯ್ತು,” ಎಂದರು ಕೆಂಡನ ಭಾವ. ಕೊನೆಯ ಬೆಂಚಿಗೂ ಕೇಳಲಿ ಎಂದು ಮೇಷ್ಟ್ರುಗಳು ಎತ್ತುವ ದನಿ ಇರುತ್ತದಲ್ಲ, ಆ ದನಿಯಲ್ಲಿ. “ಎಂಟನೇ ಕ್ಲಾಸು ದಾಟದೋನಿಗೆ ಮಕ್ಕಳ ಬುದ್ಧಿ ಬಗ್ಗೆ ಏನ್ರೀ ಗೊತ್ತಿರುತ್ತೆ? ತನಗೆ ಅಂತ ಸ್ವಲ್ಪ ಇದ್ದರೆ ತಾನೆ!”

ಕಾಯುವ ಕೋಣೆಯಲ್ಲಿ ಮೂವರು ತಾಯಂದಿರಿದ್ದರು, ಒಬ್ಬ ಅಜ್ಜ ಇದ್ದರು. ಒಬ್ಬ ತಾಯಿ ತಕ್ಷಣ ಬಗ್ಗಿ ಮಗುವಿನ ಶೂ ಲೇಸು ಕಟ್ಟತೊಡಗಿದಳು. ಆ ಶೂಗೆ ಲೇಸೇ ಇರಲಿಲ್ಲ. ಸ್ವಾಗತದ ಮೇಜಿನ ಹುಡುಗಿ ಆರಿಹೋಗಿದ್ದ ಕಂಪ್ಯೂಟರನ್ನೇ ಗಮನವಿಟ್ಟು ಓದಿದಳು.

ಕೆಂಡನ ಕೈಯಲ್ಲಿ ಸೋಪಿನ ನೀರಿನ ಬಕೆಟ್ಟಿತ್ತು. ಹಾಗೇ ಎತ್ತಿ ಭಾವನ ಇಸ್ತ್ರಿ ಅಂಗಿಯ ಮೇಲೆ ಸುರಿದರೆ ಹೇಗಿರುತ್ತದೆ ಎಂದು ಒಂದು ಗಳಿಗೆ ನೋಡಿಕೊಂಡ. ಚೆನ್ನಾಗಿಯೇ ಇರುತ್ತಿತ್ತು. ಚಿಕ್ಕಂದಿನಿಂದ ಮಾತೆತ್ತಿದರೆ ಕೆಂಡಾಮಂಡಲ ಆಗುತ್ತಾನೆಂದೇ ಮನೆಯವರು ಅವನಿಗೆ ಆ ಹೆಸರಿಟ್ಟಿದ್ದು. ಆದರೆ ಅಕ್ಕ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಬೇಡ ಕಣೋ ಎಂದು ಕಣ್ಣಲ್ಲೇ ಹೇಳಿದಳು. ಅವನು ಬಕೆಟ್ ಕೆಳಗಿಟ್ಟ.

“ಭಾವ, ಹೋದ ವರ್ಷ ಇದೇ ಜಾಗದಲ್ಲಿ, ಇದೇ ಮೇಡಂ ಪರೀಕ್ಷೆ ಮಾಡಿದ್ರು. ಎಲ್ಲ ಸರಿಯಾಗಿ ಮಾಡ್ದ. ಅದು ನಾನು ಹುಟ್ಟಿಸ್ಕೊಂಡು ಹೇಳಿದ್ದಲ್ಲ. ಇವತ್ತೂ ನೋಡ್ತೀರಲ್ಲ, ಆಮೇಲೆ ಮಾತಾಡಿ.”

“ನೋಡೋಣ, ನೋಡೋಣ,” ಎಂದು ಭಾವ ಕಾಲ ಮೇಲೆ ಕಾಲು ಹಾಕಿದರು.

ಕೆಂಡನಿಗೆ ಈ ಕೇಂದ್ರದಲ್ಲಿ ಕೋಣೆ ಸಿದ್ಧಪಡಿಸುವ ಕೆಲಸ. ಒಂದರಿಂದ ಮೂರು ವರ್ಷದ ಮಕ್ಕಳು ಹೇಗೆ ಬೆಳೆಯುತ್ತಾರೆ, ಆಟಿಸಂನ ಸುಳಿವು ಎಷ್ಟು ಬೇಗ ಕಾಣಿಸಿಕೊಳ್ಳುತ್ತದೆ ಎಂದು ಇಲ್ಲಿ ಅಧ್ಯಯನ ಮಾಡುತ್ತಾರೆ. ಒಂದು ಮಗು ಆಡಿ ಹೋದ ಮೇಲೆ ಜೊಲ್ಲು ಮೆತ್ತಿದ ಆಟಿಕೆಗಳನ್ನೆಲ್ಲ ತೊಳೆದು, ಒರೆಸಿ, ಇದ್ದಲ್ಲೇ ಇಡಬೇಕು. ಮನೆಯವರಿಗೆ ಅನುಮಾನವಿರುವ ಮಕ್ಕಳು ಬೇಕಾದಷ್ಟು ಬರುತ್ತಿದ್ದರು. ಹೋಲಿಸಿ ನೋಡಲು ಯಾವ ಅನುಮಾನವೂ ಇಲ್ಲದ ಮಕ್ಕಳೂ ಬೇಕಿತ್ತು, ಅವರೇ ಸಿಗುತ್ತಿರಲಿಲ್ಲ. ಚೆನ್ನಾಗಿರುವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಂಥ ಜಾಗಕ್ಕೆ ಯಾರು ಬರುತ್ತಾರೆ? ಹೋದ ವರ್ಷ ಅಧ್ಯಯನ ನಡೆಸುವ ಮೇಡಂ ಕೆಲಸದವರನ್ನೆಲ್ಲ ಕರೆದು, “ನಿಮ್ಮ ಮನೆಗಳಲ್ಲಿ ಪುಟ್ಟ ಮಕ್ಕಳಿದ್ರೆ ಹೇಳ್ರಪ್ಪ,” ಎಂದಿದ್ದರು. “ನಮ್ಮಕ್ಕನ ಮಗ ಇದಾನೆ ಮೇಡಂ, ಬುಗುರಿ ಥರ ಇದಾನೆ,” ಎಂದು ಕೆಂಡನೇ ಮೊದಲು ಕೈ ಎತ್ತಿದ್ದ. ಮಗು ನಿಂತಲ್ಲೇ ಗಿರಗಿರನೆ ಸುತ್ತುತ್ತಿತ್ತು, ಸುತ್ತುತ್ತಲೇ ಇರುತ್ತಿತ್ತು. ಬುಗುರಿ ಎಂಬ ಹೆಸರೂ ಸೋದರಮಾವನದೇ ಕೊಡುಗೆ.

ಆ ಸಲ ಬುಗುರಿ ಮಿಂಚಿದ. ಇದು ಅಧ್ಯಯನ, ವೈದ್ಯರ ತಪಾಸಣೆಯಲ್ಲ, ಏನಾದರೂ ಅನುಮಾನ ಬಂದರೆ ಆಸ್ಪತ್ರೆಯ ಮಕ್ಕಳ ಬೆಳವಣಿಗೆ ವಿಭಾಗಕ್ಕೆ ತೋರಿಸಿ ಎಂದು ಮೇಡಂ ಅಕ್ಕನಿಗೆ ಕೆಂಡನ ಮೂಲಕ ಹೇಳಿಕಳಿಸಿದ್ದರು. ಅಷ್ಟನ್ನು ಮಾತ್ರ ಕೆಂಡ ನುಂಗಿಕೊಂಡ. ಮಗು ಮಾತಾಡುತ್ತಿಲ್ಲವಲ್ಲ ಎಂದು ಅಕ್ಕ ಅಳುಮುಖ ಮಾಡಿದಾಗಲೆಲ್ಲ, “ಕೇಂದ್ರದಲ್ಲೇ ನೋಡಿದಾರೆ, ನೀನೊಬ್ಳು! ನಾನೂ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟೋನು,” ಎನ್ನುತ್ತಿದ್ದ.

“ಬಿಟ್ಟೋನು ಇವತ್ತಿನವರೆಗೂ ಮುಚ್ಚಿಲ್ಲ,” ಎಂದು ಅಕ್ಕ ನಗುತ್ತಿದ್ದಳು. ನಕ್ಕು ಸುಮ್ಮನಾಗುತ್ತಿದ್ದಳು. ಹಾಗೆ ನಗುನಗುತ್ತಲೇ ವರ್ಷ ಕಳೆದು ಅಧ್ಯಯನದ ಎರಡನೇ ಸುತ್ತು ಬಂತು, ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ.

ಇವತ್ತು ಕ್ಯಾಮೆರಾ ನೋಡಿಕೊಳ್ಳುವ ಹುಡುಗಿ ರಜೆ ಹಾಕಿದ್ದಳು. “ಗುಂಡಿ ಒತ್ತೋದು ತಾನೆ, ನೀನೇ ನೋಡ್ಕೊ,” ಎಂದು ಮೇಡಂ ಕೆಂಡನನ್ನು ಕನ್ನಡಿಯ ಹಿಂದಿನ ಕೋಣೆಗೆ ಕಳಿಸಿದರು. ಆಡುವ ಕೋಣೆಯ ಕಡೆಯಿಂದ ಅದು ಕನ್ನಡಿ, ಈ ಕಡೆಯಿಂದ ಗಾಜು. ಇಬ್ಬರು ನಿಂತರೆ ಮೊಣಕೈ ತಾಗುವಷ್ಟು ಇಕ್ಕಟ್ಟು, ಕತ್ತಲು. ಕೆಂಡ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ. ನೋಡಲಿ ಆ ಮೇಷ್ಟ್ರು, ಹೊಟ್ಟೆ ತುಂಬ ನೋಡಲಿ ಎಂದುಕೊಂಡ.

ಗಾಜಿನಾಚೆ ಪುಟ್ಟ ಮೇಜು. ಬುಗುರಿ ಅದರ ಮುಂದೆ, ಅಕ್ಕ ಅವನ ಹಿಂದೆ. “ನೀವು ಏನೂ ಹೇಳ್ಕೊಡ್ಬೇಡಿ, ಬೀಗರ ಮನೆಗೆ ಬಂದೋರ ಹಾಗೆ ಸುಮ್ನೆ ಕೂತಿರಿ,” ಎಂದು ಮೇಡಂ ಮೊದಲೇ ಹೇಳಿದ್ದರು. ಭಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಬುಗುರಿಗೀಗ ಎರಡು ವರ್ಷ ದಾಟಿತ್ತು, ಆ ವಯಸ್ಸಿನ ಮಕ್ಕಳಿಗೆ ಬೇರೆ ಆಟಿಕೆಗಳು: ಗೊಂಬೆ, ಪುಟ್ಟ ಲೋಟ, ತಟ್ಟೆ, ಒಂದು ಲಾರಿ.

ಮೇಡಂ ಹೆಸರು ಹಿಡಿದು ಕರೆದರು. ಬುಗುರಿ ಲಾರಿ ಮಗುಚಿ ಅದರ ಚಕ್ರ ತಿರುಗಿಸುತ್ತಿದ್ದ. ಇನ್ನೊಮ್ಮೆ ಕರೆದರು. ಚಕ್ರ ತಿರುಗಿತು.

“ತಿರುಗೋ,” ಎಂದ ಕೆಂಡ, ಗಾಜಿಗೆ.

ಮೇಡಂ ಲಾರಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮತ್ತೆ ಕರೆದರು. ಬುಗುರಿ ಒಂದು ಕ್ಷಣ ಖಾಲಿ ಮೇಜನ್ನು ನೋಡಿದ. ಆಮೇಲೆ ಬಲಗೈ ಎತ್ತಿ ಎಡಮೂಲೆಯ ಕಪಾಟಿನತ್ತ ಬೆರಳು ತೋರಿಸಿದ.

ಕಪಾಟಿನ ಮೇಲೆ ಏನೂ ಇರಲಿಲ್ಲ.

ಬೆರಳು ಸ್ವಲ್ಪ ಹೊತ್ತು ಹಾಗೇ ನಿಂತಿತು. ಕೈ ಇಳಿಸಿ, ಮುಖವನ್ನು ಮೇಲಕ್ಕೆತ್ತಿ, ಅಲ್ಲಿ ನೊರೆಗುಳ್ಳೆಗಳು ಹಾರುತ್ತಿವೆಯೇನೋ ಎಂಬಂತೆ ‘ಓ’ ಎಂದು ಬಾಯಿ ದುಂಡಗೆ ಮಾಡಿದ. ಯಾರೂ ಗುಳ್ಳೆ ಊದಿರಲಿಲ್ಲ. ಆಮೇಲೆ ಅಂಗೈ ಮುಂದೆ ಚಾಚಿದ, ಯಾರೋ ‘ಕೊಡು’ ಎಂದು ಕೇಳಿದ ಹಾಗೆ. ಅದನ್ನೂ ಮುಗಿಸಿ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ. ಇಷ್ಟರಲ್ಲಿ ಒಮ್ಮೆಯೂ ಮೇಡಂ ಮುಖ ನೋಡಲಿಲ್ಲ, ತಾಯಿಯ ಮುಖ ನೋಡಲಿಲ್ಲ. ಬಾಯಿ ತೆರೆದು ಕಾದ.

ಬಿಸ್ಕತ್ತಿಗೆ ಕಾಯುತ್ತಿದ್ದಾನೆ ಎಂದು ಆ ಕಟ್ಟಡದಲ್ಲಿ ಒಬ್ಬನಿಗೆ ಮಾತ್ರ ತಿಳಿಯಿತು.

ಕೆಂಡ ಸ್ಟೂಲಿನಿಂದ ಎದ್ದುಬಿಟ್ಟ. ಹೋದ ವರ್ಷ ಪರೀಕ್ಷೆಗೆ ಮೊದಲು, ಕಾಲು ಮುರಿಯಿತೆಂದು ಕೇಂದ್ರದವರು ಬಿಸಾಡಿದ ನೆಗೆಯುವ ಆಟಿಕೆ ಮೊಲವೊಂದನ್ನು ಅವನು ಅಕ್ಕನ ಮನೆಗೆ ಒಯ್ದಿದ್ದ. ಜೊತೆಗೆ ಸೋಪಿನ ಗುಳ್ಳೆ ಊದುವ ಡಬ್ಬಿ. ಅಕ್ಕ ಒಳಗೆ ಒಲೆಯ ಮುಂದಿದ್ದರೆ ಹಜಾರದ ನೆಲದ ಮೇಲೆ ಮಾವ ಅಳಿಯನ ಆಟ. ಹೆಸರು ಕರೆದರೆ ತಿರುಗಬೇಕು. ಕಪಾಟಿನ ಮೇಲೆ ಮೊಲ ಕುಣಿದರೆ ಬೆರಳು ತೋರಿಸಬೇಕು. ಗುಳ್ಳೆಗೆ ‘ಓ’. ಕೊಡು ಎಂದರೆ ಕೊಡಬೇಕು. ಮಾಡಿದರೆ ಚಪ್ಪಾಳೆ, ಬಿಸ್ಕತ್ತು. ಮೇಡಂ ಇದನ್ನೇ ಇದೇ ಸಾಲಿನಲ್ಲಿ ಮಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಅಳಿಯ ಸೋದರಮಾವನ ಮರ್ಯಾದೆ ಉಳಿಸಲಿ, ಅಷ್ಟೆ. ಆಟ ತಾನೆ? ಹಾಗೆಂದೇ ಅವನು ತನಗೆ ಹೇಳಿಕೊಂಡಿದ್ದ. ಮಗು ಆಡಿರಲಿಲ್ಲ, ಗಿಳಿಪಾಠ ಒಪ್ಪಿಸಿತ್ತು. ಇವತ್ತು ಮೊಲವಿಲ್ಲ, ಗುಳ್ಳೆಯಿಲ್ಲ, ಆದರೂ ಒಪ್ಪಿಸುತ್ತಿದೆ.

ಪರೀಕ್ಷೆ ಮುಗಿದ ಮೇಲೆ ಮೇಡಂ ಅಕ್ಕ-ಭಾವನನ್ನು ತಮ್ಮ ಕೋಣೆಗೆ ಕರೆದರು. ಇನ್ನೊಂದು ಕುರ್ಚಿ ತರಲು ಕೆಂಡನಿಗೆ ಹೇಳಿದರು. ತಂದವನು ಬಾಗಿಲಲ್ಲೇ ನಿಂತ.

“ಅಧ್ಯಯನಕ್ಕೆ ಬಂದೋರಿಗೆ ನಾನು ಹೀಗೆಲ್ಲ ಹೇಳೋದು ಕಡಿಮೆ,” ಎಂದರು ಮೇಡಂ. “ಆದ್ರೆ ಹೋದ ವರ್ಷ ಇವನು ಕರೆದ ತಕ್ಷಣ ತಿರುಗಿದ್ದ, ಬೆರಳು ಮಾಡಿ ತೋರಿಸಿದ್ದ. ಈಗ ಅದೊಂದೂ ಸರಿಯಾಗಿಲ್ಲ. ಬಂದಿದ್ದು ಹೀಗೆ ಕಳೆದುಹೋದ್ರೆ ನಾನು ಸುಮ್ನಿರೋ ಹಾಗಿಲ್ಲ. ಮಕ್ಕಳ ನರರೋಗದ ಡಾಕ್ಟರಿಗೆ ಇವತ್ತೇ ಹೇಳ್ತೀನಿ. ತಲೆ ಸ್ಕ್ಯಾನ್ ಬೇಕಾಗಬಹುದು. ಈ ವಯಸ್ಸಲ್ಲಿ ಪ್ರಜ್ಞೆ ತಪ್ಪಿಸಿ ಮಾಡ್ತಾರೆ.”

“ಪ್ರಜ್ಞೆ ತಪ್ಪಿಸಿ?” ಭಾವನ ಮೇಷ್ಟ್ರ ದನಿ ಎಲ್ಲೋ ಬಿದ್ದುಹೋಗಿತ್ತು. “ಇಷ್ಟು ಪುಟ್ಟ ಮಗೂನಾ?”

ಅಕ್ಕ ಬುಗುರಿಯನ್ನು ಎದೆಗೆ ಅವುಚಿಕೊಂಡಳು. ಅವನು ಕೊಸರಿಕೊಂಡು ಕೆಳಗಿಳಿದು ಕೋಣೆಯ ನಡುವೆ ಸುತ್ತತೊಡಗಿದ. ಎಲ್ಲರೂ ಅವನನ್ನೇ ನೋಡಿದರು.

ಭಾವ ಬಾಗಿಲ ಕಡೆ ತಿರುಗಿದರು. “ಕೋಪದಲ್ಲಿ ಎಲ್ಲರ ಮುಂದೆ ಏನೋ ಅಂದ್ಬಿಟ್ಟೆ ಕಣಪ್ಪ. ಹೋದ ವರ್ಷ ಸರಿಯಾಗೇ ಇದ್ನಂತಲ್ಲ. ಪಾಪ, ನಿಂದೇನು ತಪ್ಪು? ಮನಸ್ಸಲ್ಲಿ ಇಟ್ಕೋಬೇಡ.”

ಕೆಂಡನಿಗೆ ಕಪಾಳಕ್ಕೆ ಬಿಟ್ಟಂತಾಯಿತು. ಬೈಗುಳವನ್ನು ತಡೆದುಕೊಂಡಿದ್ದ, ಇದನ್ನು ತಡೆಯುವುದು ಹೇಗೆ? ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮಗುವಿಗೆ ಬಂದದ್ದೆಲ್ಲ ಕಳೆದುಹೋಯಿತು, ದೇವರಿಟ್ಟಂತಾಗಲಿ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಭಾವ ಹೊರಗೆ ಕರೆದೊಯ್ದು ಟೀಯನ್ನೂ ಕೊಡಿಸುತ್ತಿದ್ದರೇನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅವನ ತಪ್ಪಿಗೆ ಆ ಪುಟ್ಟ ಕೈಗೆ ಸೂಜಿ ಚುಚ್ಚಿ ಮಲಗಿಸುತ್ತಿದ್ದರು.

“ಅವನು ಏನೂ ಕಳ್ಕೊಂಡಿಲ್ಲ ಮೇಡಂ,” ಎಂದ.

“ಅಂದ್ರೆ?”

“ಅವನಿಗೆ ಅದು ಬಂದೇ ಇರ್ಲಿಲ್ಲ. ನಾನು ಕಲಿಸಿದ್ದೆ. ನೀವು ಮಾಡೋದನ್ನೇ, ಅದೇ ಮೊಲ ಇಟ್ಕೊಂಡು.” ಅವನ ದನಿ ಜೋರಾಯಿತು. “ನೀವು ಬಿಸಾಕಿದ್ದ ಮೊಲ. ಕದ್ದಿದ್ದಲ್ಲ. ದಿನಾ ಸಂಜೆ ಕೂರಿಸ್ಕೊಂಡು ಬಿಸ್ಕತ್ತು ಕೊಟ್ಟು ಕಲಿಸಿದೆ. ಅದನ್ನೇ ಆವತ್ತು ಮಾಡ್ದ. ಇವತ್ತು ಮಾಡಿದ್ದೂ ಅದನ್ನೇ.”

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಅಕ್ಕನ ಕಡೆ ಬಾಗಿ ಕೇಳಿದರು: “ಆ ಪಾಠಕ್ಕಿಂತ ಮುಂಚೆ ಇವನು ಕರೆದ್ರೆ ತಿರುಗ್ತಿದ್ನಾ? ತಾನಾಗೇ ಏನಾದ್ರೂ ತೋರಿಸ್ತಿದ್ನಾ? ಯೋಚನೆ ಮಾಡಿ ಹೇಳಿ.”

ಅಕ್ಕ ಯೋಚಿಸಲೇ ಇಲ್ಲ. “ಇಲ್ಲ ಮೇಡಂ. ಪಾತ್ರೆ ಬಿದ್ರೆ ತಿರುಗ್ತಿದ್ದ. ನಾನು ಕರೆದ್ರೆ ಇಲ್ಲ.”

“ಹಾಗಿದ್ರೆ ಇದು ಬೇರೆ ವಿಷಯ. ಸ್ಕ್ಯಾನ್‌ಗೆ ಓಡೋ ಅವಸರ ಇಲ್ಲ, ಬೇಕೋ ಬೇಡ್ವೋ ಡಾಕ್ಟರು ನೋಡ್ಕೊಂಡು ಹೇಳ್ಲಿ. ಬೆಳವಣಿಗೆ ವಿಭಾಗಕ್ಕೆ ಕಳಿಸ್ತೀನಿ, ಪೂರ್ತಿ ಪರೀಕ್ಷೆ ಮಾಡಿ ತರಬೇತಿ ಶುರು ಮಾಡ್ತಾರೆ. ತಡ ಆಯ್ತು ಅಂತ ಕೈ ಚೆಲ್ಲಿ ಕೂರ್ಬೇಡಿ. ಮಕ್ಕಳು ಕಲೀತಾರೆ.” ಸುಳ್ಳು ಹೇಳಲು ಬಾರದವರ ಹಾಗೆ ಸೇರಿಸಿದರು: “ಹೋದ ವರ್ಷವೇ ಶುರು ಮಾಡಿದ್ರೆ ಚೆನ್ನಾಗಿರ್ತಿತ್ತು.”

ಕೆಂಡನ ಕಡೆ ನೋಡದೆಯೇ, “ಮಗುವಿನ ಹೋದ ವರ್ಷದ ಫಲಿತಾಂಶ ಅಧ್ಯಯನದಿಂದ ತೆಗೆದುಹಾಕ್ಬೇಕು. ನೀನು ನಾಳೆ ಬೆಳಿಗ್ಗೆ ನನ್ನ ನೋಡು,” ಎಂದರು.

ಭಾವ ಎದ್ದರು. ಕೈಯೂ ಎದ್ದಿತು, ಅರ್ಧಕ್ಕೆ ಹೋಗಿ ಕೆಳಗಿಳಿಯಿತು. ತರಗತಿಗಳಲ್ಲಿ ಇಷ್ಟು ವರ್ಷ ಕೂಡಿಟ್ಟ ಬೈಗುಳಗಳಲ್ಲಿ ಒಂದೂ ಸಿಗಲಿಲ್ಲವೇನೋ, ಮಗನನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು. ಕೆಂಡ ಕಾದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಡೆದಿದ್ದರೆ ಇನ್ನೂ ವಾಸಿಯಿತ್ತು. ಏನೂ ಬರಲಿಲ್ಲ. ಅವನು ಹೊರಗೆ ಬಂದ.

ಓಣಿಯಂಥ ಉದ್ದನೆಯ ಮೊಗಸಾಲೆಯಲ್ಲಿ ಹಿಂದಿನಿಂದ ಅಕ್ಕನ ಚಪ್ಪಲಿಯ ಸದ್ದು ಕೇಳಿತು.

“ನಿಲ್ಲೋ.”

ನಿಂತ. ಬೈಯುತ್ತಾಳೆ ಎಂದು ಹಲ್ಲು ಕಚ್ಚಿಕೊಂಡ. ಅವಳು ಬೈಯಲಿಲ್ಲ. ಕಣ್ಣೂ ಒದ್ದೆಯಾಗಿರಲಿಲ್ಲ. ಮೆಲ್ಲಗೆ, ಲೆಕ್ಕ ಬಿಡಿಸುವವಳ ಹಾಗೆ ಮಾತಾಡಿದಳು.

“ದಿನಾ ಎಷ್ಟೊಂದು ಮಕ್ಕಳನ್ನ ನೋಡ್ತೀಯ ನೀನು. ಸರಿಯಾಗಿ ಆಡೋ ಮಕ್ಕಳನ್ನೂ ನೋಡಿದೀಯ, ಆಡದೆ ಇರೋರನ್ನೂ ನೋಡಿದೀಯ.”

“ಅಕ್ಕಾ, ನಾನು ಸುಮ್ನೆ ಆಟಕ್ಕೆ...”

“ತಾನಾಗೇ ತಿರುಗೋ ಮಗೂಗೆ ಯಾರಾದ್ರೂ ಕೂರಿಸ್ಕೊಂಡು ತಿರುಗೋದು ಹೇಳ್ಕೊಡ್ತಾರೇನೋ?” ಅವಳು ಇನ್ನೂ ಹತ್ತಿರ ಬಂದಳು. “ಆವತ್ತೇ ನಿಂಗೆ ಗೊತ್ತಾಗಿತ್ತು. ಅಲ್ವಾ? ನಂಗೆ ಹೇಳೋಕೆ ಧೈರ್ಯ ಸಾಲ್ದೆ ಅವನಿಗೆ ಕಲಿಸೋಕೆ ಹೋದೆ. ಹೇಳು. ಗೊತ್ತಿತ್ತಾ, ಇಲ್ವಾ?”

ಅಕ್ಕ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ನೆಲ ನೋಡಿದ, ಗೋಡೆ ನೋಡಿದ, ಆಮೇಲೆ ತಿರುಗಿ ಮೆಟ್ಟಿಲ ಕಡೆ ನಡೆದ.

“ಹೇಳೋ,” ಎಂದಳು ಅಕ್ಕ ಹಿಂದಿನಿಂದ.

ಅವನು ನಡೆಯುತ್ತಲೇ ಇದ್ದ.